ಕಸುಬಿಗೆ ಸಾಕ್ಷಿ ಯಾರು?

ಬೀದರ ಪಟ್ಟಣಕ್ಕೆ ಬಂದವರು ಮಹಮೂದ್ ಗವಾನನ ಮದರಸಾದ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುವುದು ವಿರಳ. ಉಳಿದಿರುವ ಒಂದೇ ಮಿನಾರು, ಅದರ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಬಣ್ಣದ ಹೆಂಚಿನ ತುಣುಕುಗಳು ಎಂಥವರನ್ನೂ ತಲೆಯೆತ್ತುವಂತೆ ಮಾಡುತ್ತವೆ. ಹೋದ ಬೇಸಗೆಯಲ್ಲಿ ನನ್ನೊಡನೆ ಅಲ್ಲಿ ನಿಂತಿದ್ದವನು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಗೌಂಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಣ್ಣ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು, ಸೋದರಮಾವನ ಕೈಕೆಳಗೆ ಗಾರೆ ಕಲಸುವುದರಿಂದ ಆರಂಭಿಸಿ, ಹೈದರಾಬಾದು ಪುಣೆಗಳಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಗೋಡೆ ಕಟ್ಟಿದವನು. ನಾನು ಮಿನಾರಿನ ಅಂದವನ್ನು ನೋಡುತ್ತಿದ್ದರೆ ಅವನು ಹೆಂಚು ಕಳಚಿ ಬಿದ್ದ ಕಡೆಯಲ್ಲಿ ಕಾಣುವ ಒಳಗಿನ ಗಚ್ಚನ್ನು ನೋಡುತ್ತಿದ್ದ. “ಇದು ಮಾಡಿದಾಂವ ಸಾದಾ ಮನಷ್ಯಾ ಅಲ್ರಿ ಸರ್” ಎಂದ.

ಅವನು ಬೀದರಿಗೆ ಬಂದದ್ದು ಮಿನಾರು ನೋಡಲಿಕ್ಕಲ್ಲ. ಕೊಲ್ಲಿಯ ದೇಶವೊಂದರಲ್ಲಿ ಗೌಂಡಿಗಳು ಬೇಕಾಗಿದ್ದಾರೆಂದು ಕೇಳಿ, ಆಳು ಕಳಿಸುವ ಮಧ್ಯಸ್ಥನೊಬ್ಬನನ್ನು ಕಾಣಲು ಬಂದಿದ್ದ. ಅಲ್ಲಿ ನಡೆದುದನ್ನು ಅವನು ಎರಡೇ ಮಾತಿನಲ್ಲಿ ಹೇಳಿದ: “ಕೆಲಸ ಬರ್ತದೇನು ಅಂತ ಯಾರೂ ಕೇಳಿಲ್ರಿ. ಕಾಗದ ಅದ ಏನು ಅಂತ ಕೇಳ್ಯಾರ.” ಆಮೇಲೆ ಸಂಕೋಚದಿಂದ ತನ್ನ ಬೇಡಿಕೆಯನ್ನು ಮುಂದಿಟ್ಟ: “ನೀವು ಎಂ.ಎ. ಕಲ್ತವ್ರು, ಕಾಲೇಜಿನ ಮಾಸ್ತರು. ನಾ ಛಲೋ ಗೌಂಡಿ ಇದ್ದೀನಂತ ಒಂದು ಚೀಟಿ ಬರ್ದು ಕೊಡ್ರಿ.”

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಒಂದರ ಮೇಲೊಂದು ಎರಡು ಇಟ್ಟಿಗೆಯನ್ನು ನೆಟ್ಟಗೆ ಇಡಲು ಬಾರದ ನಾನು ಇಪ್ಪತ್ತು ವರ್ಷ ಕರಣಿ ಹಿಡಿದ ಕೈಗೆ ಸಾಕ್ಷಿ! ಆದರೆ ಅವನ ಲೆಕ್ಕ ತಪ್ಪಾಗಿರಲಿಲ್ಲ. ಇಂದಿನ ಪ್ರಪಂಚದಲ್ಲಿ ಬಲ್ಲವನ ಮಾತಿಗಿಂತ ಬರೆಯಬಲ್ಲವನ ಮಾತಿಗೆ ತೂಕ ಹೆಚ್ಚು. ಹಾಗಾದರೆ ಇದು ಯಾವಾಗಿನಿಂದ ಹೀಗಾಯಿತು? ಹೊರನಾಡಿನ ಕುಶಲಿಗಳು ಬಂದು ಕಟ್ಟಿದ ಊರೆಂದು ಹೆಸರಾದ ಬೀದರಿನಲ್ಲಿ, ಆ ಕಾಲದಲ್ಲಿ ಒಬ್ಬನ ಕಸುಬನ್ನು ಅಳೆದವರು ಯಾರು? ಯಾವ ಕಾಗದ ನೋಡಿ ಅಳೆದರು? ಆ ದಿನ ಭಾಲ್ಕಿಗೆ ಮರಳುವಾಗ ರೈಲಿನಲ್ಲಿ ನನ್ನ ತಲೆಯನ್ನು ಕೊರೆದ ಪ್ರಶ್ನೆ ಇದು.

ಕನ್ನಡ ನಾಡಿನ ಮಟ್ಟಿಗೆ ಉತ್ತರವನ್ನು ಮೊದಲು ಕಲ್ಲುಗಳಲ್ಲಿಯೇ ಹುಡುಕಬೇಕು. ಎಂಟನೆಯ ಶತಮಾನದಲ್ಲಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇಗುಲ ಇಂದು ವಿರೂಪಾಕ್ಷವೆಂದು ಹೆಸರಾಗಿದೆ. ಅದನ್ನು ಕಟ್ಟಿದ ಗುಂಡನೆಂಬ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಕೊಟ್ಟ ಸಂಗತಿಯನ್ನು ಅಲ್ಲಿಯೇ ಕಲ್ಲಿನಲ್ಲಿ ಕೆತ್ತಿದ್ದಾರೆ. ನಾಲ್ಕು ಶತಮಾನ ಕಳೆದು ಬೇಲೂರಿಗೆ ಬಂದರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಬರೆದುಕೊಂಡಿದ್ದಾರೆ. ಬಳ್ಳಿಗಾವೆಯಿಂದ ಬೇಲೂರು ಅಂದಿನ ಕಾಲಕ್ಕೆ ಸಣ್ಣ ದೂರವಲ್ಲ. ಕೆಲಸ ಅರಸಿ ಬೇರೊಂದು ರಾಜ್ಯಕ್ಕೆ ಬಂದ ಕುಶಲಿಗಳು ಅವರು. ಆ ಬರಹದಲ್ಲಿ ಇರುವುದಾದರೂ ಏನು? ಹೆಸರು, ತಂದೆ, ಊರು, ಒಮ್ಮೊಮ್ಮೆ ಒಂದು ಬಿರುದು. ಇಂದಿನ ಅರ್ಜಿ ನಮೂನೆಯಲ್ಲಿಯೂ ಮೊದಲ ನಾಲ್ಕು ಸಾಲು ಇವೇ ಅಲ್ಲವೆ? ವ್ಯತ್ಯಾಸವೆಂದರೆ, ಅಲ್ಲಿ ಯೋಗ್ಯತಾಪತ್ರವನ್ನು ಕೆಲಸದಿಂದ ಬೇರೆಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಓದಲು ಬಂದವನ ಕಣ್ಣಿಗೆ ಮೇಲಿನ ಶಿಲಾಬಾಲಿಕೆಯೂ ಕೆಳಗಿನ ಹೆಸರೂ ಒಟ್ಟಿಗೆ ಬೀಳುತ್ತಿದ್ದವು.

ಹನ್ನೆರಡನೆಯ ಶತಮಾನದ ಕಲ್ಯಾಣವಂತೂ ನಮ್ಮ ಜಿಲ್ಲೆಯದೇ. ಅಲ್ಲಿ ನೆರೆದ ಶರಣರಲ್ಲಿ ಅನೇಕರು ದೂರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಮೋಳಿಗೆಯ ಮಾರಯ್ಯ ಕಾಶ್ಮೀರದವನು, ಡೋಹರ ಕಕ್ಕಯ್ಯ ಮಾಳವದವನು ಎಂಬ ನಂಬಿಕೆಯುಂಟು. ಒಬ್ಬ ಸೌದೆ ಹೊತ್ತು ಮಾರಿದ, ಇನ್ನೊಬ್ಬ ತೊಗಲು ಹದ ಮಾಡಿದ. ಅಂಬಿಗ, ನುಲಿಯ, ಮಾದಾರ ಎಂದು ಹೆಸರಿನ ಹಿಂದೆ ಕಸುಬು ನಿಂತಿತು. ನಿಂತು ಗೌರವ ಪಡೆಯಿತು. ಆದರೆ ಈ ಮಾತನ್ನು ಹೇಳುವಾಗ ಇದರ ಇನ್ನೊಂದು ಮುಖವನ್ನು ಮರೆಮಾಚಬಾರದು. ಶರಣರು ಎದುರು ನಿಲ್ಲಬೇಕಾಗಿ ಬಂದ ವ್ಯವಸ್ಥೆಯಲ್ಲಿ ಕಸುಬಿಗೆ ಸಾಕ್ಷಿ ಹೇಳುತ್ತಿದ್ದದ್ದು ಕೈಯಲ್ಲ, ಹುಟ್ಟು. ಬಡಗಿಯ ಮಗನಿಗೆ ಉಳಿ ಹಿಡಿಯುವ ಹಕ್ಕು ಕೇಳದೆ ಬರುತ್ತಿತ್ತು. ಬೇರೆ ಜಾತಿಯ ಹುಡುಗನಿಗೆ ಎಷ್ಟು ಕೈಚಳಕವಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಕಾಗದವಿಲ್ಲದ ಕಾಲ ನ್ಯಾಯದ ಕಾಲವಾಗಿತ್ತೆಂದು ಭ್ರಮಿಸಬೇಕಾದ್ದಿಲ್ಲ.

ಇನ್ನು ಬೀದರಿಗೆ ಬರೋಣ. ಬಹಮನಿ ಅರಸರಲ್ಲಿ ಒಂಬತ್ತನೆಯವನಾದ ಅಹಮದ್ ಶಹಾ (೧೪೨೨–೧೪೩೬) ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಅವನು ಪಟ್ಟವೇರಲು ನೆರವಾದ ಖಲಫ್ ಹಸನ್ ಬಸ್ರಾದ ವ್ಯಾಪಾರಿ. ಆ ಉಪಕಾರಕ್ಕೆ ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರಾಜ ಎಂಬ ಬಿರುದು ಪಡೆದ. ಹೊಸ ರಾಜಧಾನಿಯಲ್ಲಿ ಅರಮನೆ ಎದ್ದಾಗ ಅದನ್ನು ಹೊಗಳಿ ಪದ್ಯ ಕಟ್ಟಿದವನು ಇರಾನಿನಿಂದ ಬಂದ ಕವಿ ಶೇಖ್ ಆಜರಿ. ಅದನ್ನು ಸುಂದರವಾದ ಲಿಪಿಯಲ್ಲಿ ಬರೆದವನು ಮಾಜಂದರಾನಿನ ಶರಫುದ್ದೀನ್. ಪಟ್ಟಣದಿಂದ ತುಸು ದೂರದ ಅಷ್ಟೂರಿನಲ್ಲಿ ಅಹಮದ್ ಶಹಾನ ಗೋರಿಯೊಳಗೆ ಹೋದರೆ ಗುಮ್ಮಟದ ತುಂಬ ಬಣ್ಣದ ಚಿತ್ತಾರ. ಅದರ ನಡುವೆ ಚಿತ್ರಗಾರ ಕಜ್ವೀನಿನ ಶುಕ್ರುಲ್ಲಾ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಖಲೀಲುಲ್ಲಾನ ಚೌಖಂಡಿಯ ಬಾಗಿಲ ಮೇಲಿನ ಬರಹದಲ್ಲಿ ಶಿರಾಜಿನ ಮುಘೀಸನ ಹೆಸರಿದೆ. ಬೇಲೂರಿನ ದಾಸೋಜನಿಗೂ ಅಷ್ಟೂರಿನ ಶುಕ್ರುಲ್ಲಾನಿಗೂ ಭಾಷೆ ಬೇರೆ, ಧರ್ಮ ಬೇರೆ. ಆದರೂ ಇಬ್ಬರೂ ಮಾಡಿದ್ದು ಒಂದೇ. ಹೆಸರು, ಊರು, ಪಕ್ಕದಲ್ಲಿಯೇ ಕೆಲಸ.

ಹೀಗೆ ಹೊರಗಿನಿಂದ ಬಂದವರನ್ನು ‘ಆಫಾಕಿ’ಗಳೆಂದೂ ಮೊದಲಿನಿಂದ ಇಲ್ಲಿ ನೆಲೆಸಿದವರನ್ನು ‘ದಖನಿ’ಗಳೆಂದೂ ಕರೆಯುತ್ತಿದ್ದರು. ೧೪೭೦ರ ಸುಮಾರಿಗೆ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿ ಅಧಿಕಾರವೆಲ್ಲ ಖೊರಾಸಾನಿನವರ ಕೈಯಲ್ಲಿದೆಯೆಂದು ಬರೆದಿಟ್ಟಿದ್ದಾನೆ. ಅವನ ಕಣ್ಣಿಗೆ ಬಿದ್ದುದು ದಖನಿಗಳ ಕಣ್ಣಿಗೆ ಮೊದಲೇ ಬಿದ್ದಿತ್ತು. ಪರೀಕ್ಷೆಗೆ ಒಂದು ಕ್ರಮವಿಲ್ಲದಿದ್ದಲ್ಲಿ ಸ್ವದೇಶದವನ ಶಿಫಾರಸೇ ಯೋಗ್ಯತೆಯಾಗುತ್ತದೆ. ತನ್ನ ಊರಿನವನು ತನ್ನ ಊರಿನವನನ್ನು ಕರೆತರುತ್ತಾನೆ, ಉಳಿದವರು ಕುದಿಯುತ್ತಾರೆ. ಈ ಎರಡು ಪಕ್ಷಗಳ ಹಗೆ ಕೊಲೆಯವರೆಗೆ ಹೋಯಿತು, ಕೊನೆಗೆ ಬಹಮನಿ ರಾಜ್ಯ ಒಡೆದು ಹೋಳಾಗಲು ಮುಖ್ಯ ಕಾರಣಗಳಲ್ಲಿ ಒಂದಾಯಿತು.

ಆ ಹಗೆಗೆ ಬಲಿಯಾದವರಲ್ಲಿ ಹಿರಿಯನೇ ಮಹಮೂದ್ ಗವಾನ. ಕ್ಯಾಸ್ಪಿಯನ್ ಸಮುದ್ರ ದಂಡೆಯ ಗೀಲಾನಿನವನು. ೧೪೫೩ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದ. ಬೀದರಿನ ಸಂತರೊಬ್ಬರ ದರ್ಶನ ಮಾಡಿ ದಿಲ್ಲಿಗೆ ಮುಂದುವರಿಯಬೇಕೆಂದಿದ್ದವನು ಇಲ್ಲಿಯೇ ನಿಂತ. ಮಂತ್ರಿಯಾಗುವ ಕಸುಬನ್ನು ಅವನಿಗೆ ಯಾವ ಪಾಠಶಾಲೆಯೂ ಕಲಿಸಿರಲಿಲ್ಲ. ಅರಸರು ಮೊದಲು ಚಿಕ್ಕ ಕೆಲಸ ಕೊಟ್ಟು ನೋಡಿದರು, ಆಮೇಲೆ ದೊಡ್ಡದನ್ನು ಕೊಟ್ಟರು. ಕೊನೆಗೆ ರಾಜ್ಯದ ಭಾರವೇ ಅವನ ಹೆಗಲೇರಿತು. ೧೪೭೨ರಲ್ಲಿ ಅವನು ಕಟ್ಟಿಸಿದ ಮದರಸಾಕ್ಕೆ ವಿದ್ವಾಂಸರನ್ನು ಬರಮಾಡಿಕೊಳ್ಳಲು ದೂರದೇಶಗಳಿಗೆ ಪತ್ರ ಬರೆದ. ಅವನ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. ಇಂಥ ಪತ್ರಪ್ರಿಯನನ್ನು ಕೊಂದದ್ದೂ ಒಂದು ಪತ್ರವೇ. ಮುದ್ರೆಯ ಉಸ್ತುವಾರಿಯವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡ ವಿರೋಧಿಗಳು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಅದರ ಮೇಲೆ ಬರೆದರು. ಮುದ್ರೆ ನಿನ್ನದೇ ಹೌದೋ ಎಂದು ಸುಲ್ತಾನ ಕೇಳಿದ. ಮುದ್ರೆ ನನ್ನದು, ಬರಹ ನನ್ನದಲ್ಲವೆಂದು ಮುದುಕ ಹೇಳಿದ. ಸುಲ್ತಾನನಿಗೆ ಮುದ್ರೆಯೊಂದೇ ಸಾಕಾಯಿತು. ೧೪೮೧ರ ಏಪ್ರಿಲ್ ತಿಂಗಳಲ್ಲಿ ಗವಾನನ ತಲೆ ಬಿತ್ತು. ಇಪ್ಪತ್ತೆಂಟು ವರ್ಷದ ದುಡಿಮೆ ಒಂದು ತಟ್ಟೆಯಲ್ಲಿ, ಮುದ್ರೆಯೊತ್ತಿದ ಒಂದು ಹಾಳೆ ಇನ್ನೊಂದು ತಟ್ಟೆಯಲ್ಲಿ. ತಕ್ಕಡಿ ಯಾವ ಕಡೆಗೆ ವಾಲಿತೆಂಬುದನ್ನು ಬೀದರು ಅಂದೇ ಕಂಡಿತು.

ರಾಜ್ಯ ಹೋಯಿತು, ಬರೀದಶಾಹಿ ಬಂತು, ಮೊಗಲರು ಬಂದರು, ನಿಜಾಮರು ಬಂದರು. ಇಷ್ಟೆಲ್ಲ ಬದಲಾವಣೆಯ ನಡುವೆ ಊರಿನ ಹೆಸರನ್ನೇ ಹೊತ್ತು ಉಳಿದುಬಂದ ಕಸುಬು ಬಿದರಿ. ಅದನ್ನು ಇರಾನಿನಿಂದ ಅಬ್ದುಲ್ಲಾ ಬಿನ್ ಕೈಸರ್ ಎಂಬವನು ತಂದನೆಂದು ಐತಿಹ್ಯವಿದೆ. ಕೆಲಸದ ಕ್ರಮ ವಿಚಿತ್ರವಾದದ್ದು. ಹದಿನಾರು ಪಾಲು ಸತುವಿಗೆ ಒಂದು ಪಾಲಿನಂತೆ ತಾಮ್ರ ಬೆರೆಸಿ, ಹರಳೆಣ್ಣೆ ರಾಳಗಳಿಂದ ಹದಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ತಾರ ಗೀಚುತ್ತಾರೆ. ಉಳಿಯಿಂದ ತೋಡಿದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಭಾಗದಿಂದ ತಂದ, ಮಳೆ ಬಿಸಿಲು ಕಾಣದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಆ ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಗೊತ್ತುಮಾಡುವುದು ಹೇಗೆ? ನುರಿತ ಕುಶಲಿ ಒಂದು ಚಿಟಿಕೆ ಮಣ್ಣನ್ನು ನಾಲಗೆಯ ಮೇಲೆ ಇಟ್ಟುಕೊಳ್ಳುತ್ತಾನೆ!

ನಾಲಗೆಯ ಮೇಲಿನ ಈ ವಿದ್ಯೆಗೆ ಯಾವ ಪ್ರಶ್ನೆಪತ್ರಿಕೆ ತೆಗೆಯುವುದು? ಕಾರ್ಖಾನೆಯೇ ಶಾಲೆ, ತಂದೆಯೋ ಉಸ್ತಾದನೋ ಪರೀಕ್ಷಕ. ಹುಡುಗ ಮೊದಲ ವರ್ಷ ಅರ ಉಜ್ಜುತ್ತಾನೆ. ಗೆರೆ ತೋಡಲು ಉಳಿ ಕೈಗೆ ಬಂದ ದಿನವೇ ಅವನು ಒಂದು ತರಗತಿ ಮೇಲಕ್ಕೆ ಹೋದಂತೆ. ಈ ಕಸುಬು ಬೀದರು ಬಿಟ್ಟು ಲಖನೌ, ಪೂರ್ಣಿಯಾಗಳವರೆಗೂ ಹರಡಿತು. ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿಯ ಪಾತ್ರೆಗಳನ್ನು ಇಟ್ಟಿದ್ದರು. ಪಾತ್ರೆಗಳು ಸಮುದ್ರ ದಾಟಿದವು. ಮಾಡಿದವನ ಹೆಸರು ದಾಟಲಿಲ್ಲ. ಹಳೆಯ ಬಿದರಿ ವಸ್ತುಗಳಲ್ಲಿ ಹೆಚ್ಚಿನವುಗಳ ಮೇಲೆ ಕುಶಲಿಯ ಹೆಸರೇ ಇಲ್ಲ. ದಾಸೋಜನಿಗೂ ಶುಕ್ರುಲ್ಲಾನಿಗೂ ದೊರೆತ ಭಾಗ್ಯ ಈ ಕರಿಯ ಹೂಜಿಗಳನ್ನು ಮಾಡಿದವರಿಗೆ ದೊರೆಯಲಿಲ್ಲ.

ಸ್ವಾತಂತ್ರ್ಯಾನಂತರ ಈ ಕೊರತೆಯನ್ನು ತುಂಬುವ ಯತ್ನಗಳು ನಡೆದುವೆಂಬುದನ್ನು ಒಪ್ಪಬೇಕು. ಕುಶಲಿಗಳಿಗೆ ರಾಷ್ಟ್ರ ಪ್ರಶಸ್ತಿಗಳು ಬಂದವು. ೨೦೦೬ರ ಹೊತ್ತಿಗೆ ಬಿದರಿಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ೨೦೨೩ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಕಾದ್ರಿಯವರಿಗೆ ಪದ್ಮಶ್ರೀ ದೊರೆಯಿತು; ಅವರು ಕೆಲಸ ಕಲಿತದ್ದು ತಮ್ಮ ತಂದೆಯವರಿಂದ. ಸಂತೋಷದ ಸಂಗತಿ. ಆದರೆ ಭೌಗೋಳಿಕ ಗುರುತು ಕಾಯುವುದು ವಸ್ತುವಿನ ಹೆಸರನ್ನು; ಪದ್ಮಶ್ರೀ ಮೆಚ್ಚುವುದು ಶಿಖರದಲ್ಲಿ ನಿಂತ ಒಬ್ಬರನ್ನು. ಶಿಖರಕ್ಕೂ ನೆಲಕ್ಕೂ ನಡುವೆ ದುಡಿಯುವ ನೂರಾರು ಮಂದಿಯ ಕೈಗೆ ಗುರುತು ಕೊಡುವವರು ಯಾರು?

ಇಲ್ಲಿ ನಮ್ಮ ಭಾಗಕ್ಕೇ ಸೇರಿದ ಒಂದು ತೊಡಕಿದೆ. ಬೀದರ, ಭಾಲ್ಕಿ, ಔರಾದುಗಳಲ್ಲಿ ಕಾಗದದ ಭಾಷೆ ಮತ್ತೆ ಮತ್ತೆ ಬದಲಾಗಿದೆ. ಮೊದಲು ಪಾರಸಿ, ಆಮೇಲೆ ನಿಜಾಮರ ಉರ್ದು. ೧೯೪೮ರ ಪೊಲೀಸು ಕಾರ್ಯಾಚರಣೆ, ೧೯೫೬ರ ನವೆಂಬರ್ ೧ರ ಏಕೀಕರಣದ ಮೇಲೆ ಕನ್ನಡ. ಹೊರದೇಶಕ್ಕೆ ಹೋಗುವವನಿಗೆ ಈಗ ಇಂಗ್ಲಿಷು. ಔರಾದಿನ ಗಡಿಯಲ್ಲಿ ಮನೆಮಾತು ಕನ್ನಡವೋ ಮರಾಠಿಯೋ ಲಂಬಾಣಿಯೋ ಆಗಿರುತ್ತದೆ. ಒಂದೇ ಮನೆತನದ ನಾಲ್ಕು ತಲೆಮಾರಿನ ಗೌಂಡಿಗಳಿಗೆ ಯೋಗ್ಯತಾಪತ್ರ ಬೇಕಾಗಿದ್ದಿದ್ದರೆ ನಾಲ್ಕು ಭಾಷೆಗಳಲ್ಲಿ ಬೇಕಾಗುತ್ತಿತ್ತು. ಆದರೆ ತೂಗುಗುಂಡು ಎಲ್ಲ ಕಾಲದಲ್ಲಿಯೂ ಒಂದೇ ಭಾಷೆ ಆಡುತ್ತದೆ: ಗೋಡೆ ನೆಟ್ಟಗಿದೆ, ಇಲ್ಲವೇ ಇಲ್ಲ.

ಕಾನೂನು ಏನು ಹೇಳುತ್ತದೆಂದು ನೋಡೋಣ. ೧೯೮೩ರ ವಲಸೆ ಕಾಯಿದೆಯಂತೆ ನಡೆದುಬಂದ ಪದ್ಧತಿಯಲ್ಲಿ ಹತ್ತನೆಯ ತರಗತಿ ಮುಗಿಸದವನು ಕೊಲ್ಲಿಯ ರಾಷ್ಟ್ರಗಳೂ ಸೇರಿದ ೧೮ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ವಿಶೇಷ ಅನುಮತಿ ಪಡೆಯಬೇಕು. ಉದ್ದೇಶ ಒಳ್ಳೆಯದೇ, ಅಕ್ಷರ ಬಾರದವನು ಮೋಸ ಹೋಗಬಾರದೆಂಬ ಕಾಳಜಿ. ಆದರೆ ಅಳತೆಗೋಲು ನೋಡಿ: ಹತ್ತನೆಯ ತರಗತಿ ದಾಟಿದ, ಕರಣಿಯನ್ನೇ ಮುಟ್ಟದ ಹುಡುಗನಿಗೆ ಬಾಗಿಲು ಸಲೀಸು, ಇಪ್ಪತ್ತು ವರ್ಷದ ಗೌಂಡಿಗೆ ತಡೆ. ಕಲಿಯದೆ ಬಲ್ಲವರ ವಿಷಯ ಸರ್ಕಾರಕ್ಕೆ ಹೊಳೆಯದೆ ಇಲ್ಲ. ೨೦೧೩ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಸೇರಿತು. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ವಿಶ್ವಕರ್ಮ ಯೋಜನೆ ಗೌಂಡಿ, ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ ಮೊದಲಾದ ೧೮ ಕಸುಬಿನವರಿಗೆ ಗುರುತಿನ ಚೀಟಿ, ಪ್ರಮಾಣಪತ್ರ, ತರಬೇತಿಯ ದಿನಗಳಲ್ಲಿ ೫೦೦ ರೂಪಾಯಿ ಭತ್ಯೆ, ಉಪಕರಣಕ್ಕೆ ೧೫,೦೦೦ ರೂಪಾಯಿಯವರೆಗೆ ನೆರವು ಎಂದು ಗೊತ್ತುಮಾಡಿತು. ಸೌದಿ ಅರೇಬಿಯವು ಇತ್ತೀಚಿನ ವರ್ಷಗಳಲ್ಲಿ ಕೆಲವು ಕಸುಬುಗಳವರ ಕೈಯನ್ನು ಹೊರಡುವ ಮುನ್ನ ಭಾರತದಲ್ಲಿಯೇ ಪರೀಕ್ಷಿಸುವ ಕ್ರಮ ತಂದಿದೆ. ‘ಟ್ರೇಡ್ ಟೆಸ್ಟ್’ ಎಂದು ನಮ್ಮ ಹಳ್ಳಿಗಳಲ್ಲಿಯೂ ಬಲ್ಲ ಮಾತು ಇದೇ.

ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೂ ಒಂದು ದೇಶದ ಪ್ರಮಾಣಪತ್ರಕ್ಕೆ ಇನ್ನೊಂದು ದೇಶ ತಲೆಬಾಗಬೇಕೆಂಬ ನಿಯಮವಿಲ್ಲ. ಆಸ್ಟ್ರೇಲಿಯದಂಥ ದೇಶ ತಾನೇ ಬೇರೆ ಪರೀಕ್ಷೆ ಮಾಡುತ್ತದೆ. ಎಷ್ಟು ವರ್ಷ, ಯಾರ ಕೈಕೆಳಗೆ, ಯಾವ ಕೂಲಿಗೆ ದುಡಿದೆಯೆಂಬುದಕ್ಕೆ ದಾಖಲೆ ಕೇಳುತ್ತದೆ. ಮೇಸ್ತ್ರಿಯ ಕೈಯಿಂದ ವಾರದ ಪಗಾರವನ್ನು ಎಣಿಸಿಕೊಂಡು ಬಂದವನು ಯಾವ ದಾಖಲೆ ತಂದಾನು? ಅವನು ಕಟ್ಟಿದ ಮನೆಗಳು ಪುಣೆಯಲ್ಲಿ ನಿಂತಿವೆ. ಅವುಗಳ ಮೇಲೆ ಬೇರೆಯವರ ಹೆಸರಿನ ಫಲಕಗಳಿವೆ.

ಹಾಗೆಂದು ಕಾಗದವನ್ನು ಹಳಿದು ಮುಗಿಸುವುದು ಸುಲಭವಾದರೂ ಸರಿಯಲ್ಲ. ಕಾಗದವಿಲ್ಲದ ಕಾಲದಲ್ಲಿ ಹುಟ್ಟು ಸಾಕ್ಷಿ ಹೇಳಿತು, ಊರಿನವನ ಶಿಫಾರಸು ಸಾಕ್ಷಿ ಹೇಳಿತು. ಎರಡರಿಂದಲೂ ಆದ ಅನ್ಯಾಯವನ್ನು ಮೇಲೆ ಕಂಡೆವು. ಯಾರ ಮಗನೆಂದು ಕೇಳದೆ, ಯಾರು ಕಳಿಸಿದರೆಂದು ಕೇಳದೆ, ಕೈ ನೋಡಿ ಬರೆದ ಕಾಗದ ಬಡವನ ದೊಡ್ಡ ಆಸ್ತಿ. ಬೇಕಾದದ್ದು ಕಾಗದದ ಅಡಿಯಲ್ಲಿ ತಕ್ಕವನ ಸಹಿ. ಯುರೋಪಿನ ಹಳೆಯ ಕಸುಬುದಾರರ ಸಂಘಗಳಲ್ಲಿ ಹುಡುಗ ಊರೂರು ಸುತ್ತಿ ದುಡಿದು, ಕೊನೆಗೆ ತನ್ನ ಕೈಯಿಂದ ಒಂದು ವಸ್ತುವನ್ನು ಮಾಡಿ ಹಿರಿಯ ಕುಶಲಿಗಳ ಮುಂದೆ ಇಡಬೇಕಾಗಿತ್ತು. ಗೌಂಡಿಯನ್ನು ಗೌಂಡಿ ಅಳೆಯಲಿ, ಬಿದರಿಯವನನ್ನು ಬಿದರಿಯವನು ಅಳೆಯಲಿ. ಅಳೆಯುವ ಮಾತು ಅವನಿಗೆ ತಿಳಿಯುವ ಭಾಷೆಯಲ್ಲಿರಲಿ. ಪರೀಕ್ಷೆ ಭಾಲ್ಕಿ ಔರಾದುಗಳಲ್ಲಿಯೇ ನಡೆಯಲಿ, ಒಂದು ದಿನದ ಕೂಲಿ ಕಳೆದುಕೊಂಡು ಅವನು ದೂರದ ಊರಿಗೆ ಅಲೆಯದಿರಲಿ. ಇಷ್ಟು ನಡೆದರೆ ಹಳೆಯ ಕಾಲದ ಒಳ್ಳೆಯದೂ ಹೊಸ ಕಾಲದ ಒಳ್ಳೆಯದೂ ಒಂದೆಡೆ ಕೂಡಿದಂತೆ.

ಇರಲಿ. ಆ ಗೌಂಡಿಗೆ ನಾನು ಚೀಟಿ ಬರೆದುಕೊಟ್ಟೆನೋ ಇಲ್ಲವೋ ಎಂದು ವಾಚಕರು ಕೇಳಬಹುದು. ಬರೆದುಕೊಟ್ಟೆ. ಅವನು ಒಳ್ಳೆಯ ಗೌಂಡಿಯೆಂದು ಬರೆಯಲಿಲ್ಲ. ಹಾಗೆ ಬರೆಯಲು ನನಗೆ ಅಧಿಕಾರವಿಲ್ಲ. ಭಾಲ್ಕಿಯಲ್ಲಿರುವ ನನ್ನ ಮನೆಯ ಆವರಣದ ಗೋಡೆಯನ್ನು ಕಟ್ಟಿದವನು ಇವನು. ಅದರ ಮೇಲೆ ಐದು ಮಳೆಗಾಲ ಕಳೆದಿವೆ. ಎಲ್ಲಿಯೂ ಬಿರುಕು ಬಿಟ್ಟಿಲ್ಲ ಎಂದು ನಾನು ಕಣ್ಣಾರೆ ಕಂಡುದನ್ನಷ್ಟೇ ಬರೆದೆ. ಇದು ಮಧ್ಯಸ್ಥನ ಮುಂದೆ ನಡೆಯುವ ನಾಣ್ಯವಲ್ಲ, ಕಸುಬಿನ ಪರೀಕ್ಷೆಗೆ ಹೆಸರು ಕೊಡು ಎಂದೂ ಹೇಳಿದೆ. ಅರ್ಜಿ ತುಂಬಲು ಅವನ ತಮ್ಮ ನೆರವಾದ. ಪರೀಕ್ಷೆಯ ದಿನಕ್ಕಾಗಿ ಅವನು ಇನ್ನೂ ಕಾಯುತ್ತಿದ್ದಾನೆ.

ಚೀಟಿಯ ಕೆಳಗೆ ನನ್ನ ಸಹಿ ಹಾಕಿದ ಮೇಲೆ ಲೇಖನಿಯನ್ನು ಅವನ ಕೈಗೆ ಕೊಟ್ಟೆ. ಗೋಡೆಯಲ್ಲಿ ಎಂದೂ ನಡುಗದ ಕೈ ಕಾಗದದ ಮೇಲೆ ತುಸು ನಡುಗಿತು. ನಿಧಾನವಾಗಿ ಅವನು ತನ್ನ ಹೆಸರು ಬರೆದ, ಆಮೇಲೆ ತಂದೆಯ ಹೆಸರು, ಆಮೇಲೆ ಊರು.